ಒಂದನೇ ಸಂಚಿಕೆ

ಕತ್ತರಿಯ ತಣ್ಣನೆಯ ಸದ್ದು, ಕಿರ್ರೆಂದು, ಬಟ್ಟೆಯಲ್ಲ ಅದು, ಅಂಟುಪಟ್ಟಿ, ಕಿವಿಯ ಪಕ್ಕದಿಂದ ಶುರು ಮಾಡಿದ್ದಾಳೆ ನರ್ಸು, ನಿಧಾನ, ಇನ್ನೂ ನಿಧಾನ ಮಾಡಬಾರದೇ ಇವಳು, ಬೇಕಾದರೆ ಸಂಜೆಯತನಕ ಬಿಚ್ಚಲಿ, ಯಾರಿಗೇನು ಅವಸರ — ತಮ್ಮ ಎತ್ತರದ ಕುರ್ಚಿಯಲ್ಲಿ ಗಲ್ಲ ಮುಂದೆ ಮಾಡಿ ಕೂತಿದ್ದಾನೆ, ಕ್ಷೌರಕ್ಕೆ ಕೂತವನ ಹಾಗೆ, ಎರಡೂ ಕಣ್ಣಿನ ಮೇಲೆ ಹತ್ತಿಯ ಬಿಳಿ ಗುಡ್ಡೆ, ಕೈಗಳು ಮಾತ್ರ ತೊಡೆಯ ಮೇಲೆ ಸುಮ್ಮನಿಲ್ಲ, ಬ್ಯಾಟರಿ ಅಂಗಡಿಯಲ್ಲಿ ದುಡಿದು ದುಡಿದು ಬೆರಳ ತುದಿಯೆಲ್ಲ ಕಂದಿಹೋದ ಕೈಗಳು, ಅಕ್ಕ ಇದ್ದೀಯಾ, ಇದ್ದೀನಿ ಕಣೋ, ಇಲ್ಲೇ ಬೆಂಚಿನ ಮೇಲೆ, ಪುಸ್ತಕ ತಂದ್ಯಾ, ತಂದೆ, ಆ ಪುಟ ಇರೋದೇ ತಾನೇ, ಹೂಂ ಅದೇ. ಹೂಂ ಎಂದದ್ದರೊಳಗಿನ ಸುಳ್ಳು ಕೇಳಿಸಿತೋ ಏನೋ, ಈಗೀಗ ಅವನ ಕಿವಿ ಬಹಳ ಚುರುಕು. ಚೀಲ ಅಕ್ಕನ ತೊಡೆಯ ಮೇಲಿದೆ, ಚೀಲದಲ್ಲಿ ಪುಸ್ತಕವಿದೆ, ಅಷ್ಟು ನಿಜ, ಆದರೆ ಆ ಪುಟ ಅಂತ ಒಂದಿಲ್ಲ, ಚಿತ್ರಕಥೆಯ ವೀರ ಸಿಡಿಲ್ಗೈಗೆ ಕಣ್ಣು ಮರಳಿ ಬರುವ ಪುಟವನ್ನು ಯಾರೂ ಬರೆದಿಲ್ಲ, ಯಾರೂ ಚಿತ್ರ ಬಿಡಿಸಿಲ್ಲ, ಅದು ಇವಳು ತಮ್ಮನ ಹಾಸಿಗೆಯ ಪಕ್ಕ ಕೂತು ಬಾಯಿಗೆ ಬಂದಂತೆ ಹೆಣೆದದ್ದು, ಅವನು ನಂಬಿದ್ದು.

ಸಿಡಿಲ್ಗೈ — ಆ ಹೆಸರು ಕೇಳಿದರೆ ಮೂಗು ಮುರಿಯುತ್ತಿದ್ದವಳು ಇವಳೇ. ಎರಡು ಹಳದಿ ಕೈಗವಸು, ಅಂಗೈ ಬಿಚ್ಚಿದರೆ ಮಿಂಚು, ಇಷ್ಟಕ್ಕೇ ಒಬ್ಬ ಮನುಷ್ಯ ಊರನ್ನೆಲ್ಲ ಕಾಯುತ್ತಾನಂತೆ, ಚಿಕ್ಕವನಿದ್ದಾಗಿನಿಂದ ತಮ್ಮನಿಗೆ ಅವನದೇ ಹುಚ್ಚು, ಅಮ್ಮನ ಪಾತ್ರೆ ತೊಳೆಯುವ ರಬ್ಬರ್ ಕೈಗವಸು ಹಾಕಿಕೊಂಡು ಮಂಚದಿಂದ ಧುಮುಕುತ್ತಿದ್ದ, ಇಳಿಯೋ ಮಂಗ, ಹಲ್ಲು ಮುರ್ಕೊಂಡ್ರೆ ನಾನು ನೋಡ್ಕೊಳ್ಳಲ್ಲ — ಈಗ ನೋಡಿಕೊಳ್ಳುತ್ತಿದ್ದಾಳೆ, ಅಮ್ಮ ಇಲ್ಲ, ಇನ್ಯಾರು ನೋಡಿಕೊಳ್ಳಬೇಕು. ಮೀಸೆ ಬಂದ ಮೇಲೂ ಹುಚ್ಚು ಬಿಡಲಿಲ್ಲ, ಸಂಬಳ ಬಂದ ದಿನ ಸೀದಾ ಹಳೇ ಪುಸ್ತಕದ ಅಂಗಡಿಗೆ, ಕೋಣೆಯ ನೆಲದ ಮೇಲೆ ಗೋಡೆಗುಂಟ ಹಾವಿನ ಹಾಗೆ ಸಾಲುಸಾಲು ಪುಸ್ತಕ, ಏಳು ಆಕಾಶಗಳ ಯುದ್ಧ ಅಕ್ಕ, ಎಲ್ಲಾ ವೀರರೂ ಒಂದೇ ಕಥೇಲಿ ಸೇರ್ತಾರೆ, ಎಂಥ ವೀರರೋ ಎಂಥ ಆಕಾಶವೋ, ನಿಂಗೆ ಹೆಣ್ಣು ಕೊಡೋರು ಬಂದು ಈ ಕೋಣೆ ನೋಡಿದ್ರೆ ಓಡಿಹೋಗ್ತಾರೆ. ಆಮೇಲೆ ಬ್ಯಾಟರಿ ಸಿಡಿಯಿತು, ಆಸಿಡ್ಡು ಎರಡೂ ಕಣ್ಣಿಗೆ ಹಾರಿತು. ಆಪರೇಷನ್ನಿಗೆ ಒಳಗೆ ಹೋಗುವಾಗಲೂ ಅವನು ಅಂದದ್ದು, ಅಕ್ಕ, ನನ್ನ ಕೋಣೆ ಮಾತ್ರ ಮುಟ್ಟಬೇಡ. ಮುಟ್ಟಿದಳು. ಮುಟ್ಟದೆ ಹೇಗಿರುತ್ತಾಳೆ, ಕಣ್ಣಿಗೆ ಕಟ್ಟು ಹಾಕಿಕೊಂಡು ಬರುವವನು ಆ ಸಾಲಿಗೆ ಎಡವಿ ಬಿದ್ದರೆ, ಅಂತ ತನಗೆ ತಾನೇ ಹೇಳಿಕೊಂಡದ್ದು, ಅದೂ ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ, ಇಷ್ಟು ವರ್ಷದಿಂದ ಆ ರಾಶಿ ಕಂಡರೆ ಕೈ ತುರಿಸುತ್ತಿತ್ತು, ಔಷಧಿ ಅಂಗಡಿಯಲ್ಲಿ ಕಪಾಟು ಜೋಡಿಸುವ ಕೈ ಇದು, ಹೆಸರಿನ ಪ್ರಕಾರ ಒಂದು ಕಡೆ, ನಂಬರಿನ ಪ್ರಕಾರ ಮೇಲಿಂದ ಕೆಳಗೆ, ಕಣ್ಣು ಮುಚ್ಚಿ ಕೈ ಹಾಕಿದರೂ ಬೇಕಾದ್ದು ಸಿಗಬೇಕು. ಸಿಡಿಲ್ಗೈ ಒಂದು ಕಟ್ಟು, ನೆರಳುರಾಣಿ ಒಂದು ಕಟ್ಟು, ಕಬ್ಬಿಣಜ್ಜನದು ಒಂದು, ಪ್ರತಿ ಕಟ್ಟಿನ ಮೇಲೂ ಒಂದನೇ ನಂಬರು, ನಡುವೆ ಯಾವುದೋ ಪುಸ್ತಕದಲ್ಲಿ ಗುರುತಿಗೆ ಸಿಕ್ಕಿಸಿದ್ದ ಬಸ್ ಟಿಕೆಟ್ಟನ್ನೂ ಎಳೆದು ಕಸದ ಬುಟ್ಟಿಗೆ ಹಾಕಿದಳು, ಕೋಣೆ ಎಷ್ಟು ಚೊಕ್ಕಟವಾಯಿತು ಅಂತ ಬಾಗಿಲಲ್ಲಿ ನಿಂತು ನೋಡಿದಳು ಬೇರೆ.

ಸ್ವಲ್ಪ ಗಲ್ಲ ಮೇಲೆ ಮಾಡಿ, ನರ್ಸು ಅನ್ನುತ್ತಾಳೆ, ಉರಿ ಇದೆಯಾ, ಇಲ್ಲ ಸಿಸ್ಟರ್, ಎಡಗಡೆಯ ಪಟ್ಟಿ ಬಂತು, ಬಲಗಡೆಯದು ಇನ್ನೂ ಇದೆ, ಡಾಕ್ಟರು ನಲ್ಲಿಯ ಕೆಳಗೆ ಕೈ ತೊಳೆಯುತ್ತಿದ್ದಾರೆ, ನೀರಿನ ಸದ್ದು — ಮಳೆ, ಅಂತಲೇ ಶುರುವಾಗಿತ್ತು ಅವಳು ಓದಿದ ಮೊದಲ ಸಾಲು. ಮನೆಗೆ ಬಂದ ದಿನವೇ ಕೇಳಿದ, ಅಕ್ಕ ಒಂದು ಉಪಕಾರ ಮಾಡ್ತೀಯಾ, ನೀನು ಬೈತೀಯ ಗೊತ್ತು, ನಾನು ನಿಲ್ಲಿಸಿದ ಕಡೆಯಿಂದ ಓದಿ ಹೇಳು, ಸಿಡಿಲ್ಗೈಗೆ ಕಣ್ಣು ಹೋಗಿದೆ, ಬರೀ ಕಿವಿ ನಂಬ್ಕೊಂಡು ಹೋರಾಡ್ತಿದಾನೆ, ಅಲ್ಲಿಗೇ ನಿಲ್ಲಿಸಿದ್ದೆ ನೋಡು, ಆಮೇಲೆ ನಂಗೂ ಹಿಂಗಾಯ್ತು, ಅವನಿಗೆ ವಾಪಸ್ ಬರುತ್ತಾ ನೋಡಬೇಕು, ಟಿಕೆಟ್ಟಿಟ್ಟಿದೀನಿ. ಟಿಕೆಟ್ಟು ಎಲ್ಲಿಂದ ತರುವುದು. ಸಿಡಿಲ್ಗೈ ಕಟ್ಟಿನ ಮೇಲಿದ್ದ ಒಂದನೇ ಸಂಚಿಕೆಯನ್ನೇ ಕೈಗೆತ್ತಿಕೊಂಡಳು, ಒಂದರಿಂದ ಓದಿದರೆ ಏನು ಗಂಟು ಹೋಗುತ್ತದೆ ಅಂದುಕೊಂಡು, ಮಳೆ, ಸ್ಮಶಾನ, ಎಲ್ಲ ವೀರರೂ ಕೊಡೆಯಿಲ್ಲದೆ ತಲೆ ತಗ್ಗಿಸಿ ನಿಂತಿದ್ದಾರೆ, ಪುಟ ತಿರುಗಿಸಿದರೆ ಪುಟದ ತುಂಬ ಒಂದೇ ಚಿತ್ರ, ಕೆಸರಿನ ಮೇಲೆ ಒಂದು ಹಳದಿ ಕೈಗವಸು, ಅಂಗೈ ಮೇಲಾಗಿ ಬಿದ್ದಿದೆ, ಅದರಲ್ಲಿ ಮಳೆನೀರು ನಿಂತಿದೆ. ಅಕ್ಕ, ಯಾರು ಸತ್ತಿದ್ದು. ಹಾಸಿಗೆಯ ಮೇಲೆ ಅರ್ಧ ಎದ್ದು ಕೂತಿದ್ದ, ಕಟ್ಟು ಹಾಕಿದ ಮುಖವನ್ನು ಇವಳತ್ತ ತಿರುಗಿಸಿ, ಕಣ್ಣಿಲ್ಲದ ಮುಖದಲ್ಲೂ ಅಷ್ಟು ಹೆದರಿಕೆ ಕಾಣುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ, ಬಾಯಿಗೆ ಬಂದದ್ದು ಕಬ್ಬಿಣಜ್ಜ, ಕಬ್ಬಿಣಜ್ಜ ಹೋದ ಕಣೋ. ಅಯ್ಯೋ ಪಾಪ ಅಂದ, ಮತ್ತೆ ಒರಗಿದ, ಸದ್ಯ ಅಂದ, ಅಜ್ಜನಿಗೆ ವಯಸ್ಸಾಗಿತ್ತು ಬಿಡು. ಮುಂದಿನ ಪುಟದಲ್ಲಿ ಆ ಕಬ್ಬಿಣಜ್ಜನೇ ಮುಂದೆ ಬಂದು ಭಾಷಣ ಮಾಡುತ್ತಾನೆ, ಹಾಳಾದವನು, ಇನ್ನೇನು ಮಾಡುವುದು, ಅವನ ಮಾತನ್ನೆಲ್ಲ ಸಿಡಿಲ್ಗೈ ಬಾಯಿಗೆ ತುರುಕಿದಳು, ಸತ್ತವನು ತನ್ನ ಗುಂಡಿಯ ಮುಂದೆ ತಾನೇ ನಿಂತು ತನ್ನನ್ನೇ ಹೊಗಳಿಕೊಂಡ, ತಮ್ಮ ತಲೆದೂಗಿದ, ಎಷ್ಟು ಚೆನ್ನಾಗಿ ಮಾತಾಡ್ತಾನೆ ಅಲ್ವಾ ಅಕ್ಕ, ಅವನು ಯಾವಾಗ್ಲೂ ಹಂಗೇ, ಬೇರೆಯವರಿಗೆ ಅಂತ ಬದುಕೋನು.

ಮಾರನೇ ದಿನ ಆ ಪುಸ್ತಕ ಹಿಡಿದುಕೊಂಡು ಹೋಗಿ ಕೇಳಿದರೆ ಹಳೇ ಪುಸ್ತಕದ ಅಂಗಡಿಯವನು ನಕ್ಕುಬಿಟ್ಟ. ಒಂದು ಅಂದ್ರೆ ಶುರು ಅಂದ್ಕೊಂಡ್ರಾ ಮೇಡಂ, ಅದು ಕೊನೇದು, ಯುದ್ಧ ಮುಗಿದ ಮೇಲೆ ಹೊಸ ಸರಣಿ ಅಂತ ಮತ್ತೆ ಒಂದರಿಂದ ನಂಬರ್ ಹಾಕ್ತಾರೆ, ಒಂದು ಅಂತ ಕಂಡ್ರೆ ಹೊಸಬರು ಕೊಳ್ತಾರಲ್ಲ, ನಿಮ್ಮಂಥೋರಿಗೇ ಮಾಡೋದು ಅದು. ಕಥೆ ಸಿಡಿಲ್ಗೈ ಪುಸ್ತಕದಲ್ಲಿ ಶುರುವಾಗಿ ನೆರಳುರಾಣಿಯ ಪುಸ್ತಕಕ್ಕೆ ಜಿಗಿದು ಅಜ್ಜನ ಪುಸ್ತಕದಲ್ಲಿ ಎರಡು ಪುಟ ಓಡಿ ವಾಪಸ್ ಬರುತ್ತದಂತೆ, ತಮ್ಮ ನೆಲದ ಮೇಲೆ ಹಾವಿನ ಹಾಗೆ ಇಟ್ಟಿದ್ದನಲ್ಲ, ಅದೇ ದಾರಿ, ಆ ದಾರಿಯನ್ನೇ ಇವಳು ಗುಡಿಸಿ ಹಾಕಿದ್ದು. ಸರಿ, ತಾನೇ ಹುಡುಕಿಕೊಂಡರಾಯಿತು, ಮತ್ತೆ ಮೊದಲಿನ ಹಾಗೆ ಇಟ್ಟುಬಿಟ್ಟರಾಯಿತು ಅಂತ ದಿನಾ ಒಂದಷ್ಟನ್ನು ಚೀಲದಲ್ಲಿ ಹಾಕಿಕೊಂಡು ಔಷಧಿ ಅಂಗಡಿಗೆ ಒಯ್ದಳು, ತಲೆಬುಡ ತಿಳಿಯಲಿಲ್ಲ ಮೊದಮೊದಲು, ಯಾರು ಯಾರ ಶತ್ರು, ಒಬ್ಬ ಕನ್ನಡಿಯೊಳಗಿಂದ ಬರುತ್ತಾನೆ, ಅವನು ಇವನೇ ಅಂತೆ, ಇನ್ನೊಂದು ಆಕಾಶದವನಂತೆ, ಕರ್ಮ — ಆಮೇಲೆ ಅದು ಯಾವಾಗ ಹಿಡಿಯಿತೋ, ಕೌಂಟರಿನ ಕೆಳಗೆ ಪುಸ್ತಕ ಬಿಚ್ಚಿಟ್ಟುಕೊಂಡು, ಏನಮ್ಮಾ ಕೆಮ್ಮಿನ ಔಷಧಿ ಕೇಳಿ ಎಷ್ಟೊತ್ತಾಯ್ತು, ಹಾ ಕೊಟ್ಟೆ ಕೊಟ್ಟೆ, ನೆರಳುರಾಣಿ ಸೆರೆಯಿಂದ ಬಿಡಿಸಿಕೊಂಡಳೋ ಇಲ್ಲವೋ ಅಂತ ಊಟದ ಡಬ್ಬಿ ಮುಚ್ಚಳ ತೆಗೆದವಳು ಹಾಗೇ ಮರೆತು ಕೂತಳು. ತಮ್ಮ ಮನೆಯಲ್ಲಿ ಕತ್ತಲಲ್ಲಿ ಮಲಗಿದ್ದಾನೆ, ಅವನು ಆಸೆಪಟ್ಟು ಕೂಡಿಸಿದ ಪುಸ್ತಕ, ಅವನು ನೋಡದ ಬಣ್ಣವನ್ನು ಇವಳು ಒಬ್ಬಳೇ ಕದ್ದು ತಿನ್ನುವವಳ ಹಾಗೆ ಚಪ್ಪರಿಸುತ್ತಿದ್ದಾಳೆ, ಥೂ, ನಾಚಿಕೆಯಾಗಬೇಕು, ಆಯಿತು ಕೂಡ, ಆದರೂ ಪುಟ ತಿರುಗಿಸಿದಳು. ದಾರಿಯೂ ಸಿಕ್ಕಿತು, ಟಿಕೆಟ್ಟಿದ್ದ ಜಾಗವೂ ಸಿಕ್ಕಿತು, ಅಲ್ಲಿಂದ ಕೊನೆಯತನಕ ಓದಿ ಉಗ್ರಾಣದ ರಟ್ಟಿನ ಪೆಟ್ಟಿಗೆಗಳ ನಡುವೆ ಕೂತು ಅತ್ತಳು. ಸಿಡಿಲ್ಗೈಗೆ ಕಣ್ಣು ಬರುವುದಿಲ್ಲ. ಕುರುಡನಾಗಿಯೇ, ಜನರ ಕೂಗು ಬಂದ ಕಡೆ ಓಡಿ, ಕುಸಿಯುವ ಸೇತುವೆಯನ್ನು ಹಿಡಿದು ನಿಂತು, ಎಲ್ಲರೂ ದಾಟಿದ ಮೇಲೆ ಸಾಯುತ್ತಾನೆ. ಇದನ್ನು ಓದಿ ಹೇಳುವುದು ಹೇಗೆ, ಸಂಜೆ ಮನೆಗೆ ಹೋದರೆ ಅವನು ದಿಂಬು ನೆಟ್ಟಗೆ ಇಟ್ಟುಕೊಂಡು ಕಾಯುತ್ತಿರುತ್ತಾನೆ, ಡಾಕ್ಟರು ಎಡಗಣ್ಣಿಗೆ ಆಸೆ ಇದೆ, ಬಲಗಣ್ಣು ಹೇಳಕ್ಕಾಗಲ್ಲ ಅಂದಿದ್ದಾರೆ, ಬಂತಾ ಅಕ್ಕ ಅವನಿಗೆ — ಬಂತು ಕಣೋ. ಹೇಗೆ ಬಂತು. ಬೆಳಗ್ಗೆ ಎದ್ದ, ಕಿಟಕಿ ತೆಗೆದ, ಬೆಳಕು ಮುಖಕ್ಕೆ ಹೊಡೀತು, ಮೊದಲು ತನ್ನ ಕೈ ನೋಡ್ಕೊಂಡ, ಹಳದಿ ಕಾಣಿಸ್ತು. ಇಷ್ಟೇ ಹೇಳಿದ್ದು. ಕಟ್ಟು ಬಿಚ್ಚಿದಾಗ ಆ ಪುಟಾನೇ ನಂಗೆ ಮೊದಲು ತೋರಿಸ್ಬೇಕು ಅಕ್ಕ ಅಂದ, ಬೇರೇನೂ ಬೇಡ.

ಇವತ್ತು ಆಸ್ಪತ್ರೆಗೆ ಬರುವಾಗ ಬಸ್ಸಿನಲ್ಲಿ, ಅವನು ಇವಳ ತೋಳು ಹಿಡಿದುಕೊಂಡು ಪಕ್ಕದಲ್ಲಿ ಕೂತಿದ್ದಾಗ, ಯಾವ ಪುಟ ತೋರಿಸಲಿ, ಯಾವ ಪುಟ, ಸಿಡಿಲ್ಗೈ ನಗುವ ಯಾವುದಾದರೂ ಹಳೆಯ ಪುಟ ತರಬೇಕಿತ್ತು, ಅವನಿಗೆ ಓದಿದ ಪುಟವೆಲ್ಲ ಬಾಯಿಪಾಠ, ಗೊತ್ತಾಗದೆ ಇರುತ್ತದೆಯೇ, ಗೊತ್ತಾದರೆ ಇನ್ನು ನನ್ನ ಮಾತು ನಂಬುತ್ತಾನೆಯೇ, ಹೊರಡುವ ಗಡಿಬಿಡಿಯಲ್ಲಿ ಕೈಗೆ ಬಂದದ್ದು ಆ ಒಂದನೇ ಸಂಚಿಕೆಯೇ — ಕಾಣದಿದ್ದರೆ ಯಾವ ಪುಟ ಹಿಡಿದರೂ ನಡೆಯುತ್ತದೆ. ಅಂದುಕೊಂಡಳು. ಹೌದು, ಹಾಗೇ ಅಂದುಕೊಂಡಳು, ಅಕ್ಷರ ಬಿಡದೆ, ಒಡಹುಟ್ಟಿದವನ ಕೈ ತೋಳ ಮೇಲಿರುವಾಗಲೇ, ಒಂದು ಕ್ಷಣ ಹಗುರ ಕೂಡ ಆಯಿತು, ಆಮೇಲೆ ಸರಕ್ಕನೆ ಬಸ್ಸಿನ ಕಿಟಕಿ ಎಳೆದಳು, ಏನಕ್ಕ ಚಳಿಯಾ, ಹೂಂ ಕಣೋ, ಗಾಳಿ. ಆ ಮಾತನ್ನು ವಾಪಸ್ ನುಂಗಲು ಬರುವುದಿಲ್ಲ, ಅದು ಹೋಗಿ ಎಲ್ಲಿಗೋ ಮುಟ್ಟಿದ್ದರೆ, ಯಾರೋ ಕೇಳಿಸಿಕೊಂಡು ಹಾಗೇ ಆಗಲಿ ಅಂದುಬಿಟ್ಟಿದ್ದರೆ, ಕಾಣಲಿ, ಅವನಿಗೆ ಕಾಣಲಿ, ನನ್ನ ಮುಖಕ್ಕೆ ಉಗಿಯಲಿ, ಜೀವಮಾನ ಮಾತು ಬಿಡಲಿ, ಕಾಣಲಿ — ಹತ್ತಿ ಬಂತು. ಬಲಗಡೆ. ಎಡಗಡೆ. ರೆಪ್ಪೆಗಳು ಅಂಟಿಕೊಂಡಿವೆ, ನರ್ಸು ಒದ್ದೆ ಹತ್ತಿಯಿಂದ ಒರೆಸುತ್ತಾಳೆ, ಡಾಕ್ಟರು ಕೈ ಒರೆಸಿಕೊಂಡು ಮುಂದೆ ಬಂದು, ನಿಧಾನಕ್ಕೆ ತೆಗೀರಿ, ಅವಸರ ಇಲ್ಲ, ಬಲಗಣ್ಣು, ಏನಾದ್ರೂ ಕಾಣ್ತಿದೆಯಾ, ಇಲ್ಲ ಡಾಕ್ಟ್ರೇ, ಬೆಳಕು, ಬರೀ ಬಿಳಿ, ಸರಿ ಎಡಗಣ್ಣು, ನನ್ನ ಬೆರಳು ಬೇಡ, ಮತ್ತೇನೋ ನೋಡ್ಬೇಕು ಅಂತಿದ್ರಲ್ಲ, ಅಮ್ಮಾ ಆ ಪುಸ್ತಕ ತೋರಿಸಿ, ಹೂಂ ಬನ್ನಿ, ಹತ್ತಿರ ಬನ್ನಿ. ಎದ್ದಳೋ, ಯಾರು ಎಬ್ಬಿಸಿದರೋ, ಚೀಲದಿಂದ ಪುಸ್ತಕ ತೆಗೆದಳು, ಯಾವುದೋ ಪುಟ ತೆಗೆಯಬೇಕು, ಜಾಹೀರಾತಿನ ಪುಟವಾದರೂ ಸರಿ, ಪುಸ್ತಕ ತಾನಾಗಿಯೇ ಬಿಚ್ಚಿಕೊಂಡಿತು, ಎಷ್ಟು ಸಲ ನೋಡಿ ನೋಡಿ ಬೆನ್ನು ಮುರಿದಿದ್ದಳೋ ಅಲ್ಲಿಗೇ. ಮುಚ್ಚಲಿಲ್ಲ. ಮುಚ್ಚಬಹುದಿತ್ತು, ಮುಚ್ಚಲಿಲ್ಲ, ಅವನ ಮುಖದ ಮುಂದೆ ಹಿಡಿದಳು.

ಹಳದಿ, ಅಂದ ತಮ್ಮ. ಡಾಕ್ಟರು ಉಸಿರು ಬಿಟ್ಟರು, ಶಭಾಷ್, ಇನ್ನೇನು ಕಾಣ್ತಿದೆ ಹೇಳಿ, ನರ್ಸು ಇವಳ ಭುಜ ಒತ್ತಿದಳು, ಬಂತಮ್ಮ, ಕಣ್ಣು ಬಂತು, ಅಳಬೇಡಿ, ಬಂತು, ದೇವರೇ ಬಂತು, ತಮ್ಮ ಎಡಗಣ್ಣನ್ನು ಕಿರಿದು ಮಾಡಿ ಇನ್ನೂ ಮುಂದೆ ಬಾಗಿದ, ನೀರು ಸುರಿಯುತ್ತಿದೆ ಕಣ್ಣಿಂದ, ಕೈಗವಸು, ಅಂದ, ಸಿಡಿಲ್ಗೈದು, ತಮ್ಮ ನಗುತ್ತಿದ್ದಾನೆ, ಮಳೆ ಬರ್ತಿದೆ, ಅಂಗೈ ಮೇಲಿದೆ, ಒಳಗೆ ನೀರು ನಿಂತಿದೆ. ನಗು ಇನ್ನೂ ತುಟಿಯ ಮೇಲಿತ್ತು, ಹೋಗಲು ಮರೆತ ಹಾಗೆ. ಪುಟದಿಂದ ಕಣ್ಣೆತ್ತಿ ಇವಳ ಕಡೆ ನೋಡಿದ, ಎಷ್ಟು ದಿನದ ಮೇಲೆ, ಸೀದಾ ಇವಳ ಮುಖವನ್ನೇ. ಅಕ್ಕ, ಇದರೊಳಗಿನ ಕೈ ಎಲ್ಲಿ. ಕಿಟಕಿ ತೆಗೆದ ಕಣೋ, ಬೆಳಕು ಹೊಡೀತು, ಮೊದಲು ತನ್ನ ಕೈ — ಕೈ — ಕೆಸರು, ಹಳದಿ ಕೈಗವಸು, ಅಂಗೈ ಮೇಲಾಗಿ, ಅದರ ತುಂಬ ನೀರು