ನೆಲದ ಒಡೆಯನ ಸಹಿ

ಒಂದೂರಿನಲ್ಲಿ ಒಬ್ಬ ರಾಜನಿದ್ದನಂತೆ. ಅವನು ಮನೆಗಳನ್ನು ಮಾರುತ್ತಿದ್ದ, ಮನೆ ನಿಂತ ನೆಲವನ್ನು ಮಾತ್ರ ಮಾರುತ್ತಿರಲಿಲ್ಲವಂತೆ. ಕೊಂಡವರು ಗೋಡೆಗೆ ಬಣ್ಣ ಬಳಿದು, ತೊಟ್ಟಿಲು ತೂಗಿ, ತಲೆ ನರೆಯುವ ಹೊತ್ತಿಗೆ ರಾಜನ ಆಳು ಬಂದು ಬಾಗಿಲು ತಟ್ಟುತ್ತಿದ್ದ. 'ಗಡುವು ಮುಗೀತು, ಮನೆ ಬಿಡಿ.' ಗಡುವು ಮುಂದಕ್ಕೆ ಹಾಕಬೇಕೆಂದರೆ ರಾಜನೇ ಸಹಿ ಹಾಕಬೇಕು. ರಾಜನಿಗೋ, ಪುರುಸೊತ್ತೇ ಇಲ್ಲ.

ಲೀಸ್ ಅಂದರೆ ಏನು ಎಂದು ಅನನ್ಯಾ ಕೇಳಿದಾಗ ಅವಳ ಅಮ್ಮ ಜಯಶೀಲಾ ಹೇಳಿದ ಕತೆ ಇದು. ಇವತ್ತು ಅದೇ ಜಯಶೀಲಾ ಉದ್ದನೆಯ ಕಪ್ಪು ಕಾರಿನಲ್ಲಿ, ಶವಪೆಟ್ಟಿಗೆಯೊಳಗೆ ಮಲಗಿ, ಡಬ್ಲಿನ್ನಿನ ಸ್ಯಾಂಟ್ರಿಯ ತಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಬಂದು ನಿಂತಿದ್ದರು. ಲಾಕ್‌ಡೌನಿನಲ್ಲಿ ಹೆಣವನ್ನು ಮನೆಯೊಳಗೆ ತರುವಂತಿರಲಿಲ್ಲ. ಚಿತಾಗಾರಕ್ಕೆ ಹತ್ತೇ ಜನ. ಉಳಿದವರು ದಾರಿಯ ಎರಡೂ ಬದಿಗೆ, ಮಾಸ್ಕ್ ತೊಟ್ಟು, ಒಬ್ಬರಿಂದೊಬ್ಬರು ದೂರ ದೂರ ಸಾಲಾಗಿ ನಿಂತು ಬೀಳ್ಕೊಡುತ್ತಿದ್ದರು. ಶವಸಂಸ್ಕಾರದ ಕಂಪನಿಯ ಮಿಕ್, ಬಿಳಿಗೂದಲ ಮನುಷ್ಯ, ಟೋಪಿ ಕೈಯಲ್ಲಿ ಹಿಡಿದು ಕಾರಿನ ಮುಂದೆ ತಲೆಬಾಗಿ ನಿಂತಿದ್ದ.

"ಅನೂ, ಅಲ್ಲಿ ನೋಡೇ, ಆ ಬಿಳಿ ಕಾರು," ಎಂದರು ಕೆಳಗಿನ ಫ್ಲ್ಯಾಟಿನ ರಜನಿ ಆಂಟಿ.

"ಯಾರದು ಆಂಟಿ?"

"ಹ್ಯಾನ್ಲನ್‌ದು ಕಣೇ. ನಮ್ಮ ನೆಲದ ಮಾಲೀಕ ಮಹಾಶಯ. ಮೇಲೆ ಖಾಲಿ ಫ್ಲ್ಯಾಟ್ ತೋರ್ಸೋಕೆ ಬಂದಿದಾನೆ. ಬೆಳಗ್ಗೆಯಿಂದ ಜನಾನ ಹತ್ತಿಸ್ತಾನೆ, ಇಳಿಸ್ತಾನೆ."

"ಓಹೋ, ಅವನಿಗೆ ಕೋವಿಡ್ ಇಲ್ವಾ?" ಅಪ್ಪನ ಹಳೇ ಸ್ನೇಹಿತ ಚಿಕ್ಕಣ್ಣ ಮಾಮ ಊರಿನ ಇನ್ನೊಂದು ತುದಿಯ ಲೆಪರ್ಡ್ಸ್‌ಟೌನಿನಿಂದ ಬಂದಿದ್ದರು. "ನಮ್ಮಕ್ಕಂಗೆ ಸೈನ್ ಹಾಕ್ಬೇಕು ಅಂದಾಗ ಮಾತ್ರ ಬರುತ್ತೆ ಅನ್ಸುತ್ತೆ, ಕೋವಿಡ್ಡು!"

ಅನನ್ಯಾ ಹೆಗಲಿನ ಬ್ಯಾಗನ್ನು ಎದೆಗೆ ಒತ್ತಿಕೊಂಡಳು.

*

ಅಪ್ಪ ಆ ಫ್ಲ್ಯಾಟ್ ಕೊಂಡಾಗ ಲೀಸಿನ ವರ್ಷಗಳನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಶಾಲೆಯೊಂದರ ಅಡುಗೆಮನೆಯಲ್ಲಿ ಐರಿಷ್ ಮಕ್ಕಳಿಗೆ ಆಲೂಗಡ್ಡೆ ಬೇಯಿಸುತ್ತ, ಬೇವಿನ ಕಡ್ಡಿಯಂತೆ ಸಣಕಲಾಗಿದ್ದ ಮಗಳನ್ನು ಕಾಲೇಜು ದಾಟಿಸಿದರು. ಮಗಳ ಹೆಸರನ್ನೂ ಮನೆಗೆ ಸೇರಿಸಿದರು. ಆಗ ವಕೀಲರು ಹೇಳಿದರು: ಲೀಸ್ ತೀರಾ ಕಡಿಮೆ ಉಳಿದಿದೆ, ಹೀಗೇ ಬಿಟ್ಟರೆ ಮನೆ ನೆಲದವನ ಪಾಲಾಗುತ್ತದೆ, ಮಗಳ ಕೈಗೆ ಬರೀ ಬೀಗದ ಕೈ.

ಲೀಸ್ ಮುಂದುವರಿಸಲು ಹ್ಯಾನ್ಲನ್ ಜೊತೆ ಮಾತುಕತೆ ಮುಗಿಯಿತು. ಕೊಡಬೇಕಾದ ಹಣವನ್ನು ಕೊಟ್ಟೂ ಆಯಿತು. ತಾಯಿ, ಮಗಳು ಇಬ್ಬರೂ ಪತ್ರಕ್ಕೆ ಸಹಿ ಹಾಕಿದರು. ಹ್ಯಾನ್ಲನ್ ಒಬ್ಬ ಸಾಕ್ಷಿಯ ಎದುರು ಸಹಿ ಹಾಕುವುದಷ್ಟೇ ಬಾಕಿ. ಅಮ್ಮ ಪ್ರತಿ ಸೋಮವಾರ ಅವನ ಆಫೀಸಿಗೆ ಫೋನ್ ಮಾಡುತ್ತಿದ್ದರು. ಅತ್ತ ಕಡೆಯ ಹುಡುಗಿ ಪ್ರತಿ ಸಲವೂ ಅದೇ ಸಿಹಿದನಿಯಲ್ಲಿ, ಕೋವಿಡ್ ಕಾರಣ ಸಾಹೇಬರು ಯಾರನ್ನೂ ಭೇಟಿಯಾಗುತ್ತಿಲ್ಲ ಎನ್ನುತ್ತಿದ್ದಳು.

"ನಾನೇನು ಅವನನ್ನ ತಬ್ಕೋತೀನಾ?" ಅಮ್ಮ ಫೋನಿಟ್ಟು ಉರಿದುಬೀಳುತ್ತಿದ್ದರು. "ಕಿಟಕಿ ಸಂದೀಲಿ ಪೇಪರ್ ತೂರಿಸ್ತೀನಿ, ಹಾಕ್ಲಿ. ಮಕ್ಕಳಿಗೆ ಊಟ ಬಡಿಸೋಕೆ ನಾನು ದಿನಾ ಹೋಗ್ತಿಲ್ವಾ? ನನಗೆ ಉಸಿರಿಲ್ವಾ?"

ಆಮೇಲೆ ನಿಜಕ್ಕೂ ಉಸಿರೇ ಸಾಲದಾಯಿತು. ಆಸ್ಪತ್ರೆಗೆ ಮಗಳನ್ನು ಬಿಡಲಿಲ್ಲ. ನರ್ಸ್ ಹಿಡಿದ ಫೋನಿನಲ್ಲಿ ಅಮ್ಮನ ಮುಖ ಅರ್ಧ, ಆಕ್ಸಿಜನ್ ಮಾಸ್ಕ್ ಅರ್ಧ.

"ಸೈನ್ ಹಾಕಿಸ್ತೀಯಾ ತಾನೆ? ಕನಸು ಕಾಣ್ತಾ ಕೂತ್ಬಿಡ್ಬೇಡ, ನನ್ನವ್ವಾ."

"ಹಾಕಿಸ್ತೀನಮ್ಮ. ಪ್ರಾಮಿಸ್."

"ಊಟ ಮಾಡಿದ್ಯಾ?" ಎಂದು ಕೇಳಿದ್ದೇ ಕೊನೆಯ ಮಾತು.

ಅಂದಿನಿಂದ ಆ ಪತ್ರ ಅನನ್ಯಾಳ ಬ್ಯಾಗಿನಲ್ಲೇ ಇತ್ತು.

*

ಹ್ಯಾನ್ಲನ್ ಮೆಟ್ಟಿಲಿಳಿದು ಬಂದು, ಬಿಳಿ ಕಾರು ಹತ್ತಿ, ಹತ್ತು ಮಾರು ಮುಂದೆ ಬಂದು ನಿಲ್ಲಿಸಿದ. ಇದ್ದುದು ಒಂದೇ ಗೇಟು; ಗೇಟಿನಲ್ಲಿ ಶವದ ಕಾರು. ಹಾರ್ನ್ ಹೊಡೆಯುವಂತಿಲ್ಲ. ಸತ್ತವರ ಕಾರಿಗೆ ಹಾರ್ನ್ ಹೊಡೆದವನು ಆ ಊರಿನಲ್ಲಿ ಮತ್ತೆ ತಲೆಯೆತ್ತಿ ತಿರುಗುವಂತಿರಲಿಲ್ಲ.

ಅನನ್ಯಾ ಅವನ ಕಿಟಕಿಯ ಬಳಿ ಹೋಗಿ ನಿಂತಳು. ಗಾಜು ನಾಲ್ಕು ಬೆರಳಷ್ಟು ಇಳಿಯಿತು.

"ಸಾರಿ ಫಾರ್ ಯುವರ್ ಲಾಸ್," ಎಂದ ಹ್ಯಾನ್ಲನ್.

ಅವಳು ಇಂಗ್ಲಿಷಿನಲ್ಲೇ, ತನ್ನ ಡಬ್ಲಿನ್ ಧಾಟಿಯಲ್ಲಿ ಹೇಳಿದಳು: "ಒಳಗೆ ಮಲಗಿರೋದು ಜಯಶೀಲಾ. ಎರಡನೇ ಮಹಡಿ. ಪ್ರತಿ ಸೋಮವಾರ ನಿಮಗೆ ಫೋನ್ ಮಾಡ್ತಿದ್ದರು."

ಅವನು ಗಂಟಲು ಸರಿಮಾಡಿಕೊಂಡ. "ಆ ಲೀಸ್... ಒಬ್ಬರು ತೀರಿಕೊಂಡಿದ್ದಾರೆ ಅಂದಮೇಲೆ ಹೊಸದಾಗಿ ಶುರು ಮಾಡಬೇಕಾಗುತ್ತದೆ. ಬೆಲೆಯನ್ನೂ ಮತ್ತೆ ನೋಡಬೇಕು. ಆಫೀಸಿಗೆ ಮೇಲ್ ಮಾಡಿ."

ಅನನ್ಯಾ ಬ್ಯಾಗಿನಿಂದ ಪತ್ರ ತೆಗೆದು ಗಾಜಿನ ಸಂದಿಗೆ ಹಿಡಿದಳು.

"ಪತ್ರದಲ್ಲಿ ಇಬ್ಬರ ಹೆಸರಿದೆ. ನಾನು ಸತ್ತಿಲ್ಲ, ಮಿಸ್ಟರ್ ಹ್ಯಾನ್ಲನ್."

"ಇದು ಸಮಯವಲ್ಲ—"

"ನೀವು ಸಮಯ ಕೊಟ್ಟಿದ್ದರೆ ಅವರು ನಿಮ್ಮ ಸಹಿ ನೋಡ್ಕೊಂಡೇ ಹೋಗ್ತಿದ್ದರು. ಫ್ಲ್ಯಾಟ್ ತೋರ್ಸೋಕೆ ಬರುತ್ತೀರಿ, ಸಹಿಗೆ ಕೈ ಬರಲ್ವಾ?"

ಹ್ಯಾನ್ಲನ್ ಗಾಜನ್ನು ಪೂರ್ತಿ ಇಳಿಸಿ, ತಲೆ ಹೊರಹಾಕಿ ಮಿಕ್‌ನನ್ನು ಕೂಗಿದ. "ಸ್ವಲ್ಪ ಮುಂದೆ ತಗೋತೀರಾ?"

ಮಿಕ್ ನಿಧಾನಕ್ಕೆ ನಡೆದು ಬಂದ. ಅವನಿಗೆ ಎಲ್ಲವೂ ಕೇಳಿಸಿತ್ತು. "ಮನೆಯವರು ಹೊರಡಿ ಅಂದಾಗ ಹೊರಡುವುದು, ಸರ್. ನಮ್ಮ ಕೆಲಸವೇ ಹಾಗೆ." ಅನನ್ಯಾಳತ್ತ ತಿರುಗಿ, ಮಗಳನ್ನು ಕರೆಯುವಂತೆ ಹೇಳಿದ. "ಟೇಕ್ ಯುವರ್ ಟೈಮ್, ಲವ್."

ಸಾಲಿನಲ್ಲಿದ್ದವರು ಒಬ್ಬರೂ ಕದಲಲಿಲ್ಲ. ಮಾಸ್ಕುಗಳ ಮೇಲಿನ ಕಣ್ಣುಗಳೆಲ್ಲ ಬಿಳಿ ಕಾರಿನತ್ತ ಹೊರಳಿದವು.

ಚಿಕ್ಕಣ್ಣ ಮಾಮ ಪಕ್ಕಕ್ಕೆ ಬಂದು ಪಿಸುಗುಟ್ಟಿದರು. "ಕೂಸೇ, ಕ್ರಿಮೆಟೋರಿಯಂ ಟೈಮ್ ಆಗ್ತಾ ಐತೆ. ಸ್ಲಾಟ್ ಹೋದ್ರೆ ಅಕ್ಕನ್ನ ಮತ್ತೆ ಕೋಲ್ಡ್ ಸ್ಟೋರೇಜಲ್ಲಿ ಇಡ್ತಾರಮ್ಮ."

ಅನನ್ಯಾ ಶವದ ಕಾರಿನತ್ತ ನೋಡಿದಳು. ಗಾಜಿನಾಚೆ ಸೇವಂತಿಗೆ, ಅದರಡಿ ಮರದ ಪೆಟ್ಟಿಗೆ.

"ಸ್ಲಾಟ್ ಹೋದ್ರೆ ಹೋಗ್ಲಿ ಮಾಮ," ಎಂದಳು. "ಕಾಯೋದು ಅಮ್ಮಂಗೆ ಅಭ್ಯಾಸ ಐತೆ. ಇವರಿಗೂ ಆಗ್ಲಿ."

"ಹಂಗಾದ್ರೆ ನಾನೂ ಇಲ್ಲೇ ನಿಲ್ತೀನಿ," ಎಂದು ಮಾಮ ಕೈಕಟ್ಟಿದರು.

"ಚಹಾ ಮಾಡ್ಕೊಂಡು ಬರ್ಲಾ ಎಲ್ರಿಗೂ?" ಎಂದ ರಜನಿ ಆಂಟಿ, ಎಲ್ಲರೂ ಆರಾಮಾಗಿದ್ದೇವೆ ಎಂಬುದನ್ನು ಇಂಗ್ಲಿಷಿನಲ್ಲೇ, ಹ್ಯಾನ್ಲನ್‌ಗೆ ಕೇಳುವಂತೆ ಕೂಗಿದರು. "ವೀ ಆರ್ ಗ್ರ್ಯಾಂಡ್ ಹಿಯರ್!"

ಯಾರೋ ಮಾಸ್ಕಿನೊಳಗೆ ನಕ್ಕರು. ಹನಿಮಳೆ ಶುರುವಾಯಿತು. ಯಾರೂ ಕೊಡೆ ಬಿಚ್ಚಲಿಲ್ಲ.

ಬಿಳಿ ಕಾರಿನ ಇಂಜಿನ್ ನಿಂತಿತು. ಹ್ಯಾನ್ಲನ್ ಇಳಿದ, ಕಿವಿ ಕೆಂಪಾಗಿತ್ತು. "ಕೊಡಿ," ಎಂದ. "ಸಾಕ್ಷಿ ಬೇಕಲ್ಲ."

"ನಾನಿದ್ದೇನೆ," ಎಂದ ಮಿಕ್. ಸಂತಾಪ ಪುಸ್ತಕಕ್ಕೆಂದು ಕೋಟಿನಲ್ಲಿ ಇಟ್ಟುಕೊಂಡಿದ್ದ ಶಾಯಿ ಪೆನ್ನಿನ ಮುಚ್ಚಳ ತೆಗೆದು ಚಾಚಿದ.

ರಜನಿ ಆಂಟಿ ತಮ್ಮ ಕೋಟನ್ನೇ ಬಿಚ್ಚಿ ಬಾನೆಟ್ಟಿನ ಮೇಲೆ ಚಪ್ಪರದಂತೆ ಹಿಡಿದರು. ಅದರಡಿ ನೆಲದ ಒಡೆಯ ಬಾಗಿ ಸಹಿ ಹಾಕಿದ. ಮಿಕ್ ಕೆಳಗೆ ತನ್ನ ಹೆಸರು ಬರೆದ, ದಪ್ಪ ಅಕ್ಷರದಲ್ಲಿ, ನಿಧಾನವಾಗಿ. ಆಮೇಲೆ ಅನನ್ಯಾಳ ಮುಖ ನೋಡಿದ. ಅವಳು ತಲೆಯಾಡಿಸಿದಳು. ಅವನು ಟೋಪಿ ಎತ್ತಿಕೊಂಡು ಶವದ ಕಾರಿನ ಮುಂದೆ ಹೆಜ್ಜೆ ಹಾಕಿದ.

ಶಾಯಿ ಇನ್ನೂ ಹಸಿಯಾಗಿತ್ತು. ಪತ್ರವನ್ನು ರಜನಿ ಆಂಟಿಯ ಕೋಟಿನ ಮರೆಯಲ್ಲಿ ಎರಡೂ ಅಂಗೈಯ ಮೇಲೆ ಹಿಡಿದುಕೊಂಡೇ ಕಾರಿನ ಹಿಂದೆ ನಡೆಯುತ್ತ, ಅನನ್ಯಾ ಹೆಗಲಿಗೆ ಗಲ್ಲ ಉಜ್ಜಿ ಮಾಸ್ಕನ್ನು ಕೆಳಕ್ಕೆ ಸರಿಸಿದಳು. ತುಟಿ ಮುಂದೆ ಮಾಡಿ ಸಹಿಯ ಮೇಲೆ ಮೆಲ್ಲಗೆ ಉಸಿರು ಊದತೊಡಗಿದಳು.