ಹೊತ್ತಿಸದ ಒಲೆ

ನಲವತ್ತೊಂಬತ್ತರಲ್ಲಿ ದೇವದುರ್ಗದ ಜನ ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗಲೂ ಮೊದಲು ಮಾರುವವನ ಮುಖ ನೋಡುತ್ತಿದ್ದರು. ನಿಜಾಮನ ಆಳ್ವಿಕೆ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ರಾಯಚೂರಿನಿಂದ ಬಿಳಿ ಟೋಪಿಯವರು ಬಂದು, ಇನ್ನು ಮೇಲೆ ಓಟು ಹಾಕಿ ಸರಕಾರ ಮಾಡುವವರು ನೀವೇ ಎಂದು ಭಾಷಣ ಬಿಗಿದರು. ಮರುವಾರ ಬಂದ ಇನ್ನೊಂದು ಬಣದ ಬಿಳಿ ಟೋಪಿಯವರು, ಮೊದಲು ಬಂದವರು ಕಳ್ಳರು ಎಂದರು. ಕೆಂಪು ಬಾವುಟದವರು ಇಬ್ಬರೂ ಕಳ್ಳರು ಎಂದು ಗೋಡೆಗೆ ಬರೆದು ಹೋದರು. ಒಬ್ಬರ ಬಗ್ಗೆ ಇನ್ನೊಬ್ಬರು ಹೇಳಿದ್ದನ್ನು ಮಾತ್ರ ಜನ ನಂಬಿದರು.

ಇದರ ನಡುವೆ ಓಟಿನ ಪಟ್ಟಿಗೆ ಮನೆ ಮನೆಯ ಹೆಸರು ಬರೆಸಬೇಕೆಂದು ಡಂಗುರ ಬಿತ್ತು. ಊರಿಗೆ ಊರೇ ಬೆಚ್ಚಿತು. ಯುದ್ಧದ ಕಾಲದಲ್ಲಿ ಹೀಗೇ ಹೆಸರು ಬರೆದುಕೊಂಡು ಹೋದವರು ಹಿಂದೆಯೇ ಬಂದು ನೆಲದಡಿಯ ಹಗೇವಿನ ಜೋಳ ಎತ್ತಿಕೊಂಡು ಹೋಗಿದ್ದರು. ಹಿಂದಿನ ವರ್ಷ ಬರೆದುಕೊಂಡವರು ಮನುಷ್ಯರನ್ನೇ ಎತ್ತಿಕೊಂಡು ಹೋಗಿದ್ದರು. ಈ ಸಲ ಏನನ್ನು ಎತ್ತುತ್ತಾರೋ ಎಂದು ಎಲ್ಲರಿಗೂ ಗುಮಾನಿ.

ಎಲ್ಲರಿಗಿಂತ ಹೆಚ್ಚು ಭಯ ಗುಲ್ಶನ್ ಬೇಗಂಗೆ. ಅವಳ ಗಂಡ ಬುರ್ಹಾನುದ್ದೀನ್ ಸಂತೆಯಲ್ಲಿ ತಂಬಾಕು ಮಾರುತ್ತಿದ್ದವನು. ನಿಜಾಮನ ಕಡೆಯ ಒಂದು ಕವಾಯತಿನ ಗುಂಪು ಅಂಗಡಿಯವರನ್ನೆಲ್ಲ ಎಳೆದೊಯ್ದು, ಕೈಗೆ ಕಟ್ಟಿಗೆಯ ಬಂದೂಕು ಕೊಟ್ಟು ಸಾಲಾಗಿ ನಿಲ್ಲಿಸಿತ್ತು. ಬುರ್ಹಾನುದ್ದೀನನೂ ನಿಂತಿದ್ದ. ಆ ಸಾಲಿನ ಮುಂದೆಯೇ ಎದುರು ಮನೆಯ ಹಮಾಲ ಸುಂಕಪ್ಪನನ್ನು, ಹೊಳೆ ದಾಟಿ ಓಡಿಹೋಗುವವರ ಗಂಟು ಹೊತ್ತನೆಂದು, ಭುಜ ಮುರಿಯುವ ಹಾಗೆ ಹೊಡೆದರು. ಆಮೇಲೆ ದಿಲ್ಲಿಯ ಸೈನ್ಯ ಬಂದು ಆ ಗುಂಪಿನವರನ್ನು ಹಿಡಿಯತೊಡಗಿತು. ಬುರ್ಹಾನುದ್ದೀನ್ ಉಟ್ಟ ಬಟ್ಟೆಯಲ್ಲೇ ಊರು ಬಿಟ್ಟ. ಮಾನ್ವಿ ಕಡೆಯ ಮಲ್ಲಟದಲ್ಲಿ, ಗೆಳೆಯ ಉರುಕುಂದಪ್ಪನ ಹೊಲದಲ್ಲಿ ಕೂಲಿಯಾಳಿನ ಹಾಗೆ ಅಡಗಿದ್ದಾನೆಂಬುದು ಅವಳೊಬ್ಬಳಿಗೇ ಗೊತ್ತು. ಅವನು ಜೈಲು ಕಾಣದೆ ಮನೆಗೆ ಬಂದರೆ ಸಾಕಾಗಿತ್ತು ಅವಳಿಗೆ.

ಸುಂಕಪ್ಪನ ಹೆಂಡತಿ ಶೇಖಮ್ಮ ಮೊದಲು ದಿನಾ ಬೆಳಿಗ್ಗೆ ಕೆಂಡಕ್ಕೆ ಬರುತ್ತಿದ್ದಳು. ಭುಜ ಮುರಿದ ದಿನದಿಂದ ಹೊಸ್ತಿಲು ತುಳಿದಿರಲಿಲ್ಲ. ಅವಳು ಬಾವಿಯ ಕಟ್ಟೆಯಲ್ಲಿ ಯಾರೊಡನೆ ಪಿಸುಗುಟ್ಟಿದರೂ ಗುಲ್ಶನ್‌ಗೆ ತನ್ನ ಗಂಡನ ಸುದ್ದಿಯೇ ಎನಿಸುತ್ತಿತ್ತು.

ಹೆಸರು ಬರೆಯಲು ಬಂದವನು ರಾಯಚೂರಿನ ಮೇಷ್ಟ್ರು ತಾಯಣ್ಣ. ಜೊತೆಗೊಬ್ಬ ಪೊಲೀಸಿನವನು. ನಾಯಿಗಳ ಕಾಟಕ್ಕೆ ಕರೆದುಕೊಂಡು ಬಂದೆ ಎಂದ ಮೇಷ್ಟ್ರು. ಓಣಿಯಲ್ಲಿ ಇದ್ದದ್ದೊಂದು ನಾಯಿ, ಅದೂ ಮುದಿಯದು. ಇದನ್ನು ಯಾವ ಹುಚ್ಚ ನಂಬುತ್ತಾನೆ?

"ನಿನ್ನ ಹೆಸರು ಬರಕೊಂಡೆ. ಗಂಡನ ಹೆಸರು ಹೇಳವ್ವಾ," ಎಂದ ತಾಯಣ್ಣ.

ಗುಲ್ಶನ್ ಸೆರಗನ್ನು ಬಾಯಿಗಿಟ್ಟುಕೊಂಡಳು. ಗಂಡನ ಹೆಸರು ಹೆಂಡತಿ ಹೇಳಬಾರದು. ಆ ಓಣಿಯಲ್ಲಿ ಎರಡೂ ಜಾತಿಯವರಿಗೆ ಒಂದೇ ಕಟ್ಟು. ಸಿಡುಬಿನ ಸೂಜಿಯವರು ಬಂದಾಗ ಶೇಖಮ್ಮನ ಗಂಡನ ಹೆಸರನ್ನು ಗುಲ್ಶನ್ ಹೇಳುತ್ತಿದ್ದಳು, ಗುಲ್ಶನ್ ಗಂಡನ ಹೆಸರನ್ನು ಶೇಖಮ್ಮ. ಮೇಷ್ಟ್ರು ಆಚೀಚೆ ನೋಡಿದ. ಎದುರು ಬಾಗಿಲಲ್ಲಿ ಶೇಖಮ್ಮ ಎದ್ದು ನಿಂತಳು. ಮುಗಿಯಿತು, ಈಗ ಸೇಡು ತೀರಿಸಿಕೊಳ್ಳುತ್ತಾಳೆ ಎಂದುಕೊಂಡಳು ಗುಲ್ಶನ್.

"ಆತನ ಹೆಸರು ಬುರ್ಹಾನುದ್ದೀನ್ ರೀ," ಎಂದಳು ಶೇಖಮ್ಮ. "ಆದ್ರ ಬರಕೋಬ್ಯಾಡ್ರಿ. ಆತ ಸತ್ತಾನ. ನಿನ್ನೀನ ಸುದ್ದಿ ಬಂತು."

ಪೊಲೀಸಿನವನು ಕತ್ತು ಚಾಚಿದ. "ಎಲ್ಲಿ ಸತ್ತ? ಹೆಂಗ ಸತ್ತ?"

"ಹೈದರಾಬಾದಿನ್ಯಾಗ ಕಾಲರಾ ಬಡಿತಂತ್ರಿ. ಪಾಪ, ಆಕಿನ್ಯಾಕ ಕೇಳ್ತೀರಿ? ಮಾತು ನಿಂತೈತಿ ಆಕಿಗೆ."

ಮಾತು ನಿಂತಿದ್ದು ನಿಜವೇ. ಬದುಕಿದ್ದಾನೆ ಎಂದರೆ ಎಲ್ಲಿ ಎಂದು ಕೇಳುತ್ತಾರೆ. ಸುಮ್ಮನಿದ್ದರೆ ಗಂಡ ಸತ್ತಂತೆ. ಗುಲ್ಶನ್ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮೇಷ್ಟ್ರು ಮರುಗಿ ಮುಂದಿನ ಮನೆಗೆ ಹೋದ.

ಅವರು ಓಣಿ ದಾಟಿದ ಮೇಲೆ ಶೇಖಮ್ಮ ಬಂದಳು. ಗುಲ್ಶನ್ ಉರಿದುಬಿದ್ದಳು.

"ಮುತ್ತೈದಿ ಬಾಯಿಗೆ ಮಣ್ಣು ಹಾಕಿದೆಲ್ಲ ಬೇ! ನಿನ್ನ ನಾಲಿಗಿಗೆ ಹುಳ ಬೀಳಲಿ!"

"ಬಯ್ಯಿ, ಬಯ್ಯಿ. ಸತ್ತವನ್ನ ಯಾವ ಪೊಲೀಸ ಹುಡುಕ್ತಾನ? ಈಗ ಒಲಿ ಆರಸು. ಮೂರು ದಿನ ಹಚ್ಚಬ್ಯಾಡ. ಕೊಳ್ಳಾಗಿನ ಕರಿಮಣಿ ತಗಿ. ಅವ ಮತ್ತ ಬಂದು ನೋಡ್ತಾನ."

ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ನೆರೆಯವರು ಊಟ ಕೊಡುತ್ತಾರೆ. ಶೇಖಮ್ಮ ರೊಟ್ಟಿ, ಪುಂಡಿಪಲ್ಲೆ ತಂದಿಟ್ಟಳು. ಗುಲ್ಶನ್ ಅದನ್ನು ಮೂಸಿ ನೋಡಿ ತಿಂದಳು. ಕರಿಮಣಿಯನ್ನು ಶೇಖಮ್ಮನ ಕೈಗೆ ಕೊಡದೆ ತಾನೇ ತೆಗೆದು ಹಿಟ್ಟಿನ ಗಡಿಗೆಯಲ್ಲಿ ಹೂತಳು. ಉಪಕಾರವೋ, ಮನೆ ನುಂಗುವ ಹೂಟವೋ? ವಿಧವೆ ಎಂದು ಬರೆಸಿ ನಾಳೆ ಮನೆ ಬಿಡು ಅಂದರೆ? ಸುಂಕಪ್ಪ ಜಗುಲಿಯ ಮೇಲೆ ಕೂತು ಮುರಿದ ಭುಜಕ್ಕೆ ಎಣ್ಣೆ ತಿಕ್ಕುತ್ತಿದ್ದ. ಈ ಕಡೆ ಒಮ್ಮೆಯೂ ನೋಡಲಿಲ್ಲ. ಅದೇ ಅವಳಿಗೆ ಇನ್ನೂ ಹೆಚ್ಚು ಭಯ ತಂದಿತು.

ಆರಿಸಿದ ಒಲೆಯ ಸುದ್ದಿ ಮಾನ್ವಿಯ ಸಂತೆಗೆ ಹೋಯಿತು. ತಂಬಾಕಿನ ಬುರ್ಹಾನನ ಮನೆಯಲ್ಲಿ ಒಲೆ ಹೊತ್ತಿಲ್ಲ, ಏನೋ ಸಾವಾಗಿದೆ ಎಂದು ದೇವದುರ್ಗದ ವ್ಯಾಪಾರಿಯೊಬ್ಬ ಮಾತಿನ ನಡುವೆ ಅಂದ. ಪಕ್ಕದಲ್ಲೇ ಉರುಕುಂದಪ್ಪ ಮೆಣಸಿನಕಾಯಿ ಆರಿಸುತ್ತಿದ್ದ. ಸತ್ತವರು ಯಾರು ಎಂದು ಒಂದು ಮಾತು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಕೇಳಿದರೆ ನಿನಗ್ಯಾಕೆ ಅನ್ನುತ್ತಾರೆ, ಗುಟ್ಟು ಹೊರಬೀಳುತ್ತದೆ ಎಂದು ಅವನು ತುಟಿ ಬಿಚ್ಚಲಿಲ್ಲ. ಮಲ್ಲಟಕ್ಕೆ ಬಂದು ಒಲೆಯ ಸುದ್ದಿಯಷ್ಟನ್ನೇ ಹೇಳಿದ. ಆ ಮನೆಯಲ್ಲಿ ಇದ್ದವಳು ಗುಲ್ಶನ್ ಒಬ್ಬಳೇ. ಬುರ್ಹಾನುದ್ದೀನ್ ಕೈಲಿದ್ದ ಕಳೆ ತೆಗೆಯುವ ಕುರ್ಚಿಗಿ ಅಲ್ಲೇ ಬಿಸಾಡಿ ಓಡಿದ.

ಮೂರನೆಯ ದಿನ ಮೇಷ್ಟ್ರು ಬಿಟ್ಟುಹೋದ ಹೆಸರು ಸೇರಿಸಲು ಮತ್ತೆ ಓಣಿಗೆ ಬಂದಿದ್ದ. ಪೊಲೀಸಿನವನೂ ಇದ್ದ. ನಡುಹಗಲಿನಲ್ಲಿ, ಗಡ್ಡ ಬೆಳೆದ ಒಬ್ಬ ಮನುಷ್ಯ ಗೋಳಿಡುತ್ತ ಓಣಿಗೆ ನುಗ್ಗಿದ. ಬಾಗಿಲಲ್ಲಿ ಹೆಂಡತಿ ಜೀವಂತ ನಿಂತಿದ್ದನ್ನು ಕಂಡು ಅವನ ಗೋಳು ಅರ್ಧಕ್ಕೇ ನಿಂತಿತು. ಅವಳಿಗೆ ಸಂತೋಷದಿಂದ ಕೂಗಬೇಕೆನಿಸಿತು. ಹೆದರಿಕೆಯಿಂದ ಕೂಗಲಿಲ್ಲ.

"ಯಾರಂವ?" ಎಂದ ಪೊಲೀಸಿನವನು.

"ಸತ್ತವನ ತಮ್ಮ ರೀ," ಎಂದಳು ಶೇಖಮ್ಮ ತಟ್ಟನೆ.

"ನೀ ಸುಮ್ನಿರು. ನೀ ಭಾಳ ಶಾಣ್ಯಾಕಿ ಇದ್ದೀ." ಅವನು ಜಗುಲಿಯ ಕಡೆ ತಿರುಗಿದ. "ಸುಂಕಪ್ಪಾ, ಏಟು ತಿಂದಾಂವ ನೀನು. ನೀ ಹೇಳು. ಯಾರೀತ?"

ಗುಲ್ಶನ್ ಸುಂಕಪ್ಪನ ಮುಖವನ್ನೇ ನೋಡುತ್ತ, ಅಲ್ಲಾನಿಗೂ ಊರ ದೇವರಿಗೂ ಒಟ್ಟಿಗೇ ಮೊರೆಯಿಟ್ಟಳು.

ಸುಂಕಪ್ಪ ನಿಧಾನ ಎದ್ದ. "ಬುರ್ಹಾನುದ್ದೀನ್."

ಪೊಲೀಸಿನವನು ಕೈ ಹಾಕಲು ಮುಂದಾದ. ಶೇಖಮ್ಮ ಗಂಡನತ್ತ ದುರುಗುಟ್ಟಿ ನೋಡಿದಳು.

"ತಡೀರಿ," ಎಂದ ಸುಂಕಪ್ಪ. "ನನ್ನ ಹೊಡದವ್ರು ಯಾರಂತ ನನಗ ಗೊತ್ತೈತಿ. ಈತ ಕೈ ಎತ್ತಿಲ್ಲ. ಯಾವ ಕಚೇರಿಗೆ ಕರದ್ರೂ ಬಂದು ಇದನ್ನ ಹೇಳ್ತೀನಿ. ಮೇಷ್ಟ್ರ, ಬದುಕ್ಯಾನ ಅಂತ ಬರಕೊಳ್ರಿ."

ಏಟು ತಿಂದವನೇ ಈತ ಹೊಡೆದಿಲ್ಲವೆಂದ ಮೇಲೆ ಪೊಲೀಸಿನವನು ಯಾರ ಮೇಲೆ ಕೇಸು ಹಾಕುತ್ತಾನೆ? ಗೊಣಗುತ್ತ ಹೋದ. ತಾಯಣ್ಣ ಬರೆದುಕೊಂಡು, ಇದು ಓಟಿಗಷ್ಟ ಐತ್ರಪ್ಪಾ ಎಂದು ಅಂಗಲಾಚಿದ. ಆಗಲೂ ಯಾರೂ ನಂಬಲಿಲ್ಲ. ಆ ವರ್ಷ ಓಟೂ ಆಗಲಿಲ್ಲ, ಮುಂದಕ್ಕೆ ಹೋಯಿತು.

ಬುರ್ಹಾನುದ್ದೀನ್ ಓಣಿ ದಾಟಿ ಸುಂಕಪ್ಪನ ಕೈ ಹಿಡಿಯಲು ಹೋದ. ಸುಂಕಪ್ಪ ಕೈ ಹಿಂದಕ್ಕೆ ಎಳೆದುಕೊಂಡ.

"ನಾ ಸುಳ್ಳು ಹೇಳಿಲ್ಲ, ಅದಕ್ಕ ಬದುಕಿದಿ. ನೀ ಕೈ ಎತ್ತಿಲ್ಲ, ಖರೆ. ಆದ್ರ ನಾಕು ಮಾರು ದೂರ ನಿಂತಿದ್ದಿ. ನನ್ನ ಮುಖಾನ ನೋಡಾಕತ್ತಿದ್ದಿ. ಈತ ನಮ್ಮ ಎದುರು ಮನಿಯಾಂವ, ಬಿಡ್ರಿ ಅಂತ ಒಂದು ಮಾತು ಅನ್ನಾಕ ನಿನಗೇನಾಗಿತ್ತು?"

ಗುಲ್ಶನ್ ಇಷ್ಟು ದಿನ ಶೇಖಮ್ಮನನ್ನು ಶಂಕಿಸಿದ್ದಳು, ಸುಂಕಪ್ಪನನ್ನು ಶಂಕಿಸಿದ್ದಳು, ರೊಟ್ಟಿಯನ್ನೂ ಶಂಕಿಸಿದ್ದಳು. ಈ ಪ್ರಶ್ನೆಯನ್ನು ಗಂಡನಿಗೆ ಕೇಳಬೇಕೆಂದು ಅವಳಿಗೆ ತೋಚಿರಲೇ ಇಲ್ಲ. ತಿಂಗಳುಗಟ್ಟಲೆ ಅವನ ದಾರಿ ಕಾದವಳು ಈಗ ಅವನ ಉತ್ತರಕ್ಕೆ ಕಾದಳು.