ಕನ್ನಡಿಯಲ್ಲಿ ಬಿದ್ದ ಚೆಂಡು

ಲೋಕದಲ್ಲಿ ನ್ಯಾಯವೆಂಬುದು ಇನ್ನೂ ಉಸಿರಾಡುತ್ತಿದೆಯೇ ಅಥವಾ ಸತ್ತು ನಾರುತ್ತಿದೆಯೇ ಎಂಬ ಬಹುಕಾಲದ ಪ್ರಶ್ನೆಗೆ ಕೊನೆಗೂ ಉತ್ತರ ಸಿಕ್ಕಿತು. ಸಿಕ್ಕಿದ್ದು ಎರಡು ಕುರ್ಚಿಯ ಒಂದು ಸಲೂನಿನಲ್ಲಿ, ವಕೀಲರ ಗುಮಾಸ್ತನ ಎಡಗೆನ್ನೆಯ ಮೇಲೆ ನೊರೆ ಒಣಗುತ್ತಿದ್ದ ಹೊತ್ತಿನಲ್ಲಿ. ಸತ್ತಿದೆ, ಎಂದೋ ಸತ್ತಿದೆ, ಹೂಳುವವರಿಲ್ಲದೆ ಬಿದ್ದಿದೆ ಎಂದು ಸಲೂನಿನ ಯಜಮಾನ ಮೀಸೆಯಣ್ಣ ಘೋಷಿಸಿದ. ಸಾಕ್ಷಿಗೆ ಒಂದು ಚೆಂಡಿತ್ತು. ಅದು ಲೆಗ್ ಸ್ಟಂಪಿನ ಆಚೆ ಬಿದ್ದಿತ್ತು, ಆದರೂ ಔಟ್ ಕೊಟ್ಟಿದ್ದರು.

ಮೀಸೆಯಣ್ಣನ ಮೀಸೆ ಅಂಗಡಿಯ ಬೋರ್ಡಿಗಿಂತ ಮೊದಲು ಕಣ್ಣಿಗೆ ಬೀಳುವಂಥದು. ಸ್ವಂತ ಮೀಸೆಯನ್ನು ಇಷ್ಟು ಮುತುವರ್ಜಿಯಿಂದ ಸಾಕಿದವನು ಪರರ ಕಿವಿ ಕುಯ್ಯಲಾರ ಎಂಬ ನಂಬಿಕೆಯಿಂದಲೇ ಹೊಸ ಗಿರಾಕಿಗಳು ಅವನ ಕತ್ತಿಗೆ ಕತ್ತು ಒಡ್ಡುತ್ತಿದ್ದರು. ಅವನೂ ಯಾರ ಕಿವಿಯನ್ನೂ ಕುಯ್ದವನಲ್ಲ. ಆದರೆ ಆ ಟೆಸ್ಟ್ ಸರಣಿ ಶುರುವಾದಂದಿನಿಂದ ಅವನ ಬಾಯಲ್ಲಿ ‘ಥೂ’ ಬಿಟ್ಟರೆ ಬೇರೆ ಮಾತು ಕಡಿಮೆಯಾಗಿತ್ತು.

ಕಾರಣವಿತ್ತು. ಮೊದಲನೆಯ ಪಂದ್ಯದಲ್ಲಿ ಎದುರು ತಂಡದವನೊಬ್ಬನ ಬ್ಯಾಟನ್ನು ಚೆಂಡು ಸವರಿಕೊಂಡು ಹೋಗಿ ಕೀಪರನ ಕೈ ಸೇರಿತು. ಸದ್ದು ಅಳೆಯುವ ಗೆರೆ ಪರದೆಯ ಮೇಲೆ ಚಂಗನೆ ನೆಗೆಯಿತು. ಮೇಲೆ ತಣ್ಣನೆಯ ಕೋಣೆಯಲ್ಲಿ ಕೂತ ಥರ್ಡ್ ಅಂಪೈರ್ ಅದನ್ನು ಹಿಂದೆ ಓಡಿಸಿದ, ಮುಂದೆ ಓಡಿಸಿದ, ನಿಲ್ಲಿಸಿದ, ದೊಡ್ಡದು ಮಾಡಿ ನೋಡಿದ, ಕೊನೆಗೆ ಅದು ಬ್ಯಾಟು ಪ್ಯಾಡಿಗೆ ತಾಗಿದ ಸದ್ದು ಎಂದುಬಿಟ್ಟ. ಎರಡನೆಯ ಪಂದ್ಯದಲ್ಲಿ ಹುಲ್ಲು ಮುಟ್ಟಿದ ಕ್ಯಾಚಿಗೆ ಔಟ್. ಟಿವಿಯಲ್ಲಿ ಮಾತಾಡುವ ಹಳೆಯ ಆಟಗಾರರು, ಔಟೂ ಹೌದು ನಾಟೌಟೂ ಹೌದು ಎಂಬ ಧಾಟಿಯಲ್ಲಿ ಎಣ್ಣೆ ಹಚ್ಚಿದ ಮಾತಾಡಿ ಜಾಹೀರಾತಿಗೆ ದಾರಿಬಿಟ್ಟರು.

“ಇಪ್ಪತ್ತು ಕ್ಯಾಮೆರಾ ಇಟ್ಕೊಂಡು ಕಾಣಲ್ವಂತೆ ಇವ್ರಿಗೆ,” ಎಂದು ಮೀಸೆಯಣ್ಣ ಬ್ರಷ್ಷನ್ನು ಬಟ್ಟಲಿನಲ್ಲಿ ತಿರುವುತ್ತ ಕಿಡಿಕಾರುತ್ತಿದ್ದ. “ನಾನು ಒಂದು ಟ್ಯೂಬ್‌ಲೈಟ್ ಕೆಳಗೆ ಎರಡೂ ಕಿವಿ ಪಕ್ಕ ಕೂದಲು ಸಮ ಮಾಡ್ತೀನಿ. ತಪ್ಪು ಮಾಡ್ಲಿ, ಬಿಡಿ. ಮನುಷ್ಯ, ತಪ್ಪಾಗತ್ತೆ. ಆದ್ರೆ ತಪ್ಪು ಅಂತ ಟಿವಿ ತೋರಿಸ್ತಿದೆ, ಊರೆಲ್ಲ ನೋಡ್ತಿದೆ, ಆಗ್ಲೂ ಆ ಅಂಪೈರು ಮುಖ ಕಲ್ಲು ಮಾಡ್ಕೊಂಡು ನಿಂತಿರ್ತಾನಲ್ಲ, ಅದು ನೋಡಿದ್ರೆ ನಂಗೆ ತಿಂದಿದ್ದು ವಾಪಸ್ ಬರತ್ತೆ.”

“ನನ್ನ ಮೇಲೆ ಬರೋದು ಬೇಡ ಅಣ್ಣ, ಶರ್ಟು ಇವತ್ತೇ ಇಸ್ತ್ರಿ ಆಗಿದ್ದು,” ಎಂದಿದ್ದ ಪಂಕ್ಚರ್ ಅಂಗಡಿಯವನು. ಎರಡನೆಯ ಕುರ್ಚಿ ಬಹುತೇಕ ಅವನ ಸ್ವಂತ ಆಸ್ತಿ. ಕ್ಷೌರಕ್ಕಲ್ಲ, ಕ್ರಿಕೆಟ್ಟಿಗೆ ಕೂರುತ್ತಿದ್ದ. ರಸ್ತೆಯಾಚೆ ಅವನ ಅಂಗಡಿಯ ಮುಂದೆ ಸೈಕಲ್ಲು ಹಿಡಿದವರು ಕೂಗಿ ಕೂಗಿ ತಾವೇ ಗಾಳಿ ಹಾಕಿಕೊಂಡು ಹೋಗುತ್ತಿದ್ದರು.

ಇಲ್ಲಿ ಅಂಗಡಿಯ ಏರ್ಪಾಡು ಹೇಳಬೇಕು. ಎದುರು ಗೋಡೆಯ ತುಂಬ ಕನ್ನಡಿ. ಟಿವಿ ಇದ್ದದ್ದು ಹಿಂದಿನ ಗೋಡೆಯಲ್ಲಿ, ಕಾಯುವವರ ಬೆಂಚಿನ ನೆತ್ತಿಯ ಮೇಲೆ. ಎದುರಿಗಿಟ್ಟರೆ ಗಿರಾಕಿ ಬೌಂಡರಿಗೊಮ್ಮೆ ಗದ್ದ ಎತ್ತುತ್ತಾನೆ, ಆಗ ಕತ್ತಿ ಹಿಡಿದವನ ಪಾಡೇನು? ಹಾಗಾಗಿ ಕುರ್ಚಿಯವರು ಕನ್ನಡಿಯಲ್ಲಿ ನೋಡುತ್ತಿದ್ದರು. ಬೆಂಚಿನವರೂ ಕತ್ತು ಮುರಿದುಕೊಳ್ಳುವ ಬದಲು ಕನ್ನಡಿಯನ್ನೇ ನೋಡುತ್ತಿದ್ದರು. ಕನ್ನಡಿಯೊಳಗೆ ಬಲಗೈಯವರೆಲ್ಲ ಎಡಗೈಯವರಾಗಿ ಆಡುತ್ತಿದ್ದರು, ಅಂಕಿಗಳು ಮಗ್ಗುಲು ಬದಲಿಸಿ ಮಲಗಿರುತ್ತಿದ್ದವು. ವರ್ಷಗಳ ರೂಢಿ. ಯಾರಿಗೂ ತೊಂದರೆ ಇರಲಿಲ್ಲ. ಮನಸ್ಸಿನಲ್ಲೇ ತಿರುಗಿಸಿಕೊಳ್ಳುತ್ತಿದ್ದರು.

ಟಿವಿಯನ್ನು ನೇರ ನೋಡುತ್ತಿದ್ದವರು ಒಬ್ಬರೇ, ಮೀಸೆಯಣ್ಣನ ಭಾವ. ಅಕ್ಕನ ಗಂಡ. ಶಾಲೆಯಲ್ಲಿ ಡ್ರಿಲ್ ಮಾಸ್ತರಾಗಿದ್ದು ನಿವೃತ್ತರಾದವರು, ಹಿಂದೆ ಕ್ಲಬ್ಬುಗಳ ಪಂದ್ಯಕ್ಕೆ ಅಂಪೈರಾಗಿ ನಿಲ್ಲುತ್ತಿದ್ದವರು. ಪೇಪರ್ ಓದಲು ಬೆಳಕು ಬೇಕೆಂದು ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಭಾವ ಅಲ್ಲಿ ಕೂತಿದ್ದರೆ ಅಂಗಡಿಗೊಂದು ತೂಕ ಎಂದು ಮೀಸೆಯಣ್ಣನೇ ಹೇಳಿಕೊಳ್ಳುತ್ತಿದ್ದ. ಹೆಂಡತಿ ಜೊತೆ ಜಗಳವಾದರೂ, ಮಗನ ಕಾಲೇಜಿನ ವಿಷಯವಾದರೂ ಅವನು ಕತ್ತರಿ ಆಡಿಸುತ್ತಲೇ ಮೊದಲು ಕೇಳುತ್ತಿದ್ದದ್ದು ಅವರನ್ನು.

ಮೂರನೆಯ ಪಂದ್ಯ. ನಮ್ಮ ಕಡೆಯ ದೊಡ್ಡ ಬ್ಯಾಟ್ಸ್‌ಮನ್, ಬಲಗೈಯವನು, ನೆಲ ಕಚ್ಚಿ ಆಡುತ್ತಿದ್ದ. ಚೆಂಡು ಪ್ಯಾಡಿಗೆ ಬಡಿಯಿತು. ಅಂಪೈರ್ ಬೆರಳೆತ್ತಿದ. ನಮ್ಮವನು ರಿವ್ಯೂ ಕೇಳಿದ. ಸಲೂನಿನಲ್ಲಿ ಕತ್ತರಿಯ ಸದ್ದೂ ನಿಂತಿತು.

ಪರದೆಯ ಮೇಲೆ ಯಂತ್ರ ಬರೆದ ಚಿತ್ರ ಬಂತು. ಅದರಲ್ಲಿ ಪಿಚ್ ಇತ್ತು, ಮೂರು ಸ್ಟಂಪು ಇತ್ತು, ಕೆಂಪು ಚೆಂಡಿತ್ತು. ಬ್ಯಾಟ್ಸ್‌ಮನ್ ಇರಲಿಲ್ಲ. ಆ ಚಿತ್ರದಲ್ಲಿ ಅವನನ್ನು ಅಳಿಸಿಬಿಡುತ್ತಾರೆ. ಮನುಷ್ಯನಿದ್ದರೆ ಅವನು ಕನ್ನಡಿಯಲ್ಲಿ ಎಡಗೈಯವನಂತೆ ಕಾಣುತ್ತಿದ್ದ, ಎಲ್ಲರೂ ರೂಢಿಯಂತೆ ತಿರುಗಿಸಿಕೊಳ್ಳುತ್ತಿದ್ದರು. ಮನುಷ್ಯನೇ ಇಲ್ಲದ ಮೇಲೆ ತಿರುಗಿಸುವುದು ಯಾರನ್ನು? ಚೆಂಡು ಸ್ಟಂಪಿನ ಸಾಲಿನಿಂದ ಬಲಕ್ಕೆ ಬಿದ್ದದ್ದು ಕಂಡಿತು. ಬಲಗೈಯವನಿಗೆ ಪರದೆಯ ಬಲಗಡೆಯೆಂದರೆ ಲೆಗ್. ಲೆಗ್ ಸ್ಟಂಪಿನ ಆಚೆ ಬಿದ್ದ ಚೆಂಡಿಗೆ ಎಲ್‌ಬಿ ಇಲ್ಲ, ಇದು ಮಕ್ಕಳಿಗೂ ಗೊತ್ತು.

ಥರ್ಡ್ ಅಂಪೈರ್ ಔಟ್ ಎಂದ.

“ಲೆಗ್ ಆಚೆ! ಲೆಗ್ ಆಚೆ ಬಿದ್ದಿದೆ!” ಪಂಕ್ಚರಿನವನು ಕುರ್ಚಿಯಿಂದ ನೆಗೆದ.

“ಹಗಲು ದರೋಡೆ,” ಎಂದ ಗುಮಾಸ್ತ, ನೊರೆಯೊಳಗಿಂದ.

ಬೆಂಚಿನ ಮೇಲಿದ್ದವರೆಲ್ಲ ಒಕ್ಕೊರಲಿನಿಂದ ಅಂಪೈರನ ಮನೆತನವನ್ನು ವಿಚಾರಿಸಿಕೊಂಡರು. ಮೀಸೆಯಣ್ಣ ಕತ್ತಿಯನ್ನು ಟವೆಲ್ಲಿಗೆ ಒರೆಸಿ, ನ್ಯಾಯ ಸತ್ತ ಸುದ್ದಿಯನ್ನು ಸಾರಿದ್ದು ಆಗಲೇ.

“ಸರಿಯಾಗೇ ಕೊಟ್ಟಿದಾನೆ,” ಎಂದರು ಭಾವ, ಪೇಪರ್ ಮಡಿಸುತ್ತ. “ಆಫ್ ಕಡೆ ಬಿದ್ದಿದ್ದು.”

“ಏನು ಭಾವ, ಇಷ್ಟು ಜನ ನೋಡಿದೀವಿ!”

“ಇಷ್ಟು ಜನ ಕನ್ನಡಿ ನೋಡಿದೀರಿ. ನಾನು ಟಿವಿ ನೋಡಿದೆ.”

ಮಾತು ಅಲ್ಲಿಗೆ ನಿಲ್ಲಬಹುದಿತ್ತು. ಒಂದೇ ಒಂದು ಸಲ ಯಾರಾದರೂ ಕತ್ತು ಹೊರಳಿಸಿದ್ದರೆ ಸಾಕಿತ್ತು. ಅಷ್ಟರಲ್ಲಿ ಟಿವಿಯಲ್ಲಿ ಬನಿಯನ್ನಿನ ಜಾಹೀರಾತು ಬಂದಿತ್ತು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲೆಂದು ಅಷ್ಟೂ ಜನ ಒಟ್ಟಿಗೆ ಪಟ್ಟು ಹಿಡಿದಾಗ ನಾಲ್ಕನೆಯ ಕಾಲು ತೋರಿಸಿದವನೇ ಕಳ್ಳ.

“ಭಾವ, ಅದು ಆಫ್ ಕಡೆ ಬಿದ್ದಿದ್ರೆ ಈ ಮೀಸೆ ಬೋಳಿಸ್ಕೊಳ್ತೀನಿ, ಇದೇ ಕನ್ನಡಿ ಮುಂದೆ!”

“ಬೋಳಿಸ್ಕೊ. ಕತ್ತಿ ಕೈಯಲ್ಲೇ ಇದೆ.”

ಅಂಗಡಿ ಗೊಳ್ಳೆಂದು ನಕ್ಕಿತು. ಆ ನಗು ಮೀಸೆಯಣ್ಣನಿಗೆ ತನ್ನ ಮೇಲೆ ಬಿದ್ದಂತೆ ಅನ್ನಿಸಿತು. ಆಗ ಅವನ ನಾಲಿಗೆ ತಲೆಯನ್ನು ಕೇಳದೆ ಹೊರಟಿತು.

“ನಿಮ್ಮ ಕಣ್ಣು ನಂಗೊತ್ತಿಲ್ವಾ? ಆವತ್ತು ಫೈನಲ್ಲಲ್ಲೂ ಹೀಗೇ ಕುರುಡಾಗಿದ್ರಿ. ಅದಕ್ಕೇ ತಾನೆ ಆಮೇಲೆ ಯಾರೂ ನಿಮ್ಮನ್ನ ಕರೀಲಿಲ್ಲ?”

ಆವತ್ತು ಎಂದರೆ ಮೀಸೆಯಣ್ಣನಿಗೆ ಇನ್ನೂ ಎಳೆಮೀಸೆ ಇದ್ದ ಕಾಲ. ಕ್ಲಬ್ಬುಗಳ ಫೈನಲ್ಲಿನಲ್ಲಿ ಅವನು ಬ್ಯಾಟ್ ಮಾಡುತ್ತಿದ್ದ, ಭಾವ ಅಂಪೈರ್. ಗೆಲ್ಲಲು ಇನ್ನೇನು ಒಂದು ಹೊಡೆತ ಬೇಕಿತ್ತು. ಚೆಂಡು ಕಾಲಿಗೆ ಬಡಿಯಿತು, ಭಾವ ಬೆರಳೆತ್ತಿದರು. ಹೆಂಡತಿಯ ತಮ್ಮನಿಗೆ ಎಲ್‌ಬಿ ಕೊಟ್ಟ ಗಂಡಸು ಎಂದು ಅವರ ಹೆಸರು ಊರೆಲ್ಲ ಆಯಿತು. ಅಕ್ಕ ಗಂಡನಿಗೆ ತಟ್ಟೆ ಇಟ್ಟು ಮಾತಾಡದೆ ಒಳಗೆ ಹೋಗಿಬಿಡುತ್ತಿದ್ದಳು. ಕ್ಲಬ್ಬಿನವರು ಮುಂದಿನ ಪಂದ್ಯಕ್ಕೆ ಬೇರೆಯವರನ್ನು ಕರೆದರು. ಭಾವ ಬಿಳಿ ಕೋಟು ಯಾರಿಗೋ ಕೊಟ್ಟುಬಿಟ್ಟರು. ಆ ಮಾತನ್ನು ಇಬ್ಬರೂ ಆಮೇಲೆ ಎತ್ತಿರಲಿಲ್ಲ.

ಭಾವ ಪೇಪರನ್ನು ಕುರ್ಚಿಯ ಮೇಲಿಟ್ಟು, ಚಪ್ಪಲಿ ಮೆಟ್ಟಿ ಹೋದರು.

ಸಂಜೆ ಮನೆಯಲ್ಲಿ ಮೀಸೆಯಣ್ಣ ದಿನದ ಆಟದ ತುಣುಕುಗಳಿಗೆ ಕಾದು ಕೂತ. ಹೆಂಡತಿ ಪಕ್ಕದಲ್ಲಿ ಅಂಗಡಿಯ ಟವೆಲ್ಲುಗಳನ್ನು ಮಡಿಸುತ್ತಿದ್ದಳು. ಚಿತ್ರ ಬಂತು. ಕೆಂಪು ಚೆಂಡು ಎಡಗಡೆ, ಆಫ್ ಸ್ಟಂಪಿನ ಆಚೆ ಬಿದ್ದು, ಒಳಗೆ ತಿರುಗಿ, ನಡುವಿನ ಸ್ಟಂಪಿಗೆ ಹೊಡೆಯಿತು. ಅವನು ನೋಡುತ್ತಲೇ ಇದ್ದ. ಅವರು ಮತ್ತೊಮ್ಮೆ ತೋರಿಸಿದರು. ಮತ್ತೆ ಎಡಕ್ಕೇ ಬಿತ್ತು.

“ಎಡಗಡೆ ಬಿತ್ತಲ್ರೀ,” ಎಂದಳು ಹೆಂಡತಿ. ಅಷ್ಟು ಹೊತ್ತಿಗೆ ಕಥೆ ಅವಳ ಕಿವಿಗೂ ಬಿದ್ದಿತ್ತು. “ಭಾವ ಹೇಳಿದ್ದೇ ಸರಿ ಅಲ್ವಾ?”

“ಗೊತ್ತು ಸುಮ್ನಿರೆ.”

“ಸುಮ್ನಿರ್ತೀನಿ. ಜಟ್ಟಿ ಕೆಳಗೆ ಬಿದ್ರೂ ಮೀಸೆ ಮಣ್ಣಾಗಿಲ್ಲ ಬಿಡಿ. ಅಂಗಡಿಯವರಿಗೆ ಯಾರು ಹೇಳ್ತಾರೆ?”

ಅಷ್ಟರಲ್ಲಿ ಅಕ್ಕನ ಫೋನು. “ಏನೋ ಅಂದೆ ಅವರಿಗೆ? ಬಂದವರು ಗೋಡೆ ಕಡೆ ತಿರುಗಿ ಮಲಗಿದಾರೆ. ಕೇಳಿದ್ರೆ ‘ನಿನ್ನ ತಮ್ಮನ್ನ ಕೇಳು’ ಅಂತಾರೆ. ಅಯ್ಯೋ, ಆ ದರಿದ್ರ ಆಟ ಮುಗಿಯೋದೇ ಇಲ್ವಾ?”

ಮೀಸೆಯಣ್ಣ ನೆಟ್‌ವರ್ಕ್ ಸರಿಯಿಲ್ಲ ಎಂದು ಫೋನು ಇಟ್ಟ. ಇಟ್ಟ ಮೇಲೆ ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. ಬಾಯೊಳಗೆ ಸೋಪಿನ ನೊರೆ ಹೋದ ಹಾಗೆ ಒಂದು ರುಚಿ, ಉಗುಳಿದರೂ ಹೋಗಲಿಲ್ಲ.

ಬೆಳಿಗ್ಗೆ ಅಂಗಡಿ ತೆರೆದ. ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಿನ್ನೆಯ ಪೇಪರು ಹಾಗೇ ಇತ್ತು. ಗಿರಾಕಿಗಳು ಬಂದರು, ಕೂತರು, ಭಾವನಿಗೆ ಮಂಗಳಾರತಿ ಶುರುವಾಯಿತು. ಮೀಸೆಯಣ್ಣ ಬಾಯಿಗೆ ಬೀಗ ಹಾಕಿಕೊಂಡು ಕತ್ತರಿ ಆಡಿಸಿದ. ಯಾರದೋ ಕತ್ತಿನ ಹಿಂದೆ ಗೆರೆ ಎಳೆಯುವಾಗ ಕನ್ನಡಿಯಲ್ಲಿ ತನ್ನ ಮುಖ ಕಂಡಿತು. ಕಲ್ಲು ಮಾಡಿಕೊಂಡ ಮುಖ. ಅದನ್ನು ಅವನು ಈ ಸರಣಿಯಲ್ಲೇ, ಅಂಪೈರನ ಟೋಪಿಯ ಕೆಳಗೆ, ಹಲವು ಸಲ ನೋಡಿ ಉಗಿದಿದ್ದ.

“ಮಾಸ್ತರು ಇವತ್ತು ಕಾಣಿಸ್ಲಿಲ್ಲ,” ಎಂದ ಪಂಕ್ಚರಿನವನು. “ಕಣ್ಣಾಸ್ಪತ್ರೆಗೆ ಹೋಗಿರ್ಬೇಕು.”

“ಪಾಪ, ಯಾರಾದ್ರೂ ಕೈ ಹಿಡ್ಕೊಂಡು ರಸ್ತೆ ದಾಟಿಸಿದ್ರೋ ಇಲ್ವೋ,” ಎಂದ ಗುಮಾಸ್ತ.

“ಬಾಯಿ ಮುಚ್ಚಿ,” ಎಂದ ಮೀಸೆಯಣ್ಣ. “ಚೆಂಡು ಆಫ್ ಕಡೇನೇ ಬಿದ್ದಿತ್ತು. ನಿನ್ನೆ ಸಂಜೆ ಮನೇಲಿ ನೇರ ನೋಡಿದೆ. ಕನ್ನಡಿ ನೋಡಿ ಮೋಸ ಹೋದ್ವಿ.”

ಇನ್ನೇನು ಎಲ್ಲರೂ ತಲೆ ತಗ್ಗಿಸುತ್ತಾರೆ ಎಂದುಕೊಂಡ. ಗುಮಾಸ್ತ ಗಂಟಲು ಸರಿಮಾಡಿಕೊಂಡ.

“ಸಂಜೆ ತೋರಿಸಿದ್ದಾ? ಸಂಜೆ ಹೊತ್ತಿಗೆ ಚಿತ್ರ ಬದಲಾಯಿಸಿರ್ತಾರೆ ಅಣ್ಣ. ಗಲಾಟೆ ಆಗತ್ತೆ ಅಂತ. ಕೋರ್ಟಲ್ಲಿ ನಾನು ದಿನಾ ನೋಡ್ತೀನಿ, ಸಾಕ್ಷಿ ಸಂಜೆ ಹೊತ್ತಿಗೆ ಬೇರೆ ಆಗಿರತ್ತೆ.”

“ಯಂತ್ರ ಅವರದೇ ತಾನೆ?” ಎಂದ ಪಂಕ್ಚರಿನವನು. “ನಾವು ಇಷ್ಟು ಜನ ಕಣ್ಣಾರೆ ನೋಡಿದ್ದು ಸುಳ್ಳು, ನಿಮ್ಮನೆ ಡಬ್ಬ ಟಿವಿ ನಿಜಾನಾ?”

“ಲೇ, ಹಿಂದೆ ತಿರುಗಿ ನೋಡ್ರೋ! ಒಂದು ಸಲ ತಿರುಗಿ ನೋಡಿ! ಇಲ್ಲಿ ಎಡಗೈಲಿ ಆಡ್ತಿರೋನು ಅಲ್ಲಿ ಬಲಗೈ!”

“ಅದೇನು ನಮಗೆ ಗೊತ್ತಿಲ್ವಾ?” ಎಂದ ಗುಮಾಸ್ತ ಬೇಸರದಿಂದ. ಯಾರೂ ತಿರುಗಲಿಲ್ಲ. “ಮೀಸೆ ಹೋಗತ್ತೆ ಅಂತ ಹೆದರ್ಬೇಡಿ ಅಣ್ಣ. ನಾವೆಲ್ಲ ನಿಮ್ಮ ಕಡೆ ಇದೀವಿ. ನೀವು ನಾಟೌಟ್.”

ಮೀಸೆಯಣ್ಣನಿಗೆ ಇವರ ಗದ್ದ ಹಿಡಿದು ವರ್ಷಗಟ್ಟಲೆ ಬೋಳಿಸಿದ ತನ್ನ ಕೈಯನ್ನೇ ತೊಳೆದುಕೊಳ್ಳಬೇಕು ಅನ್ನಿಸಿತು. ತೊಳೆದುಕೊಂಡ. ಹೊಸ ಬ್ಲೇಡು ಹಾಕಿದ. ಗಿರಾಕಿಯನ್ನು ಅರ್ಧ ಕ್ಷೌರದಲ್ಲೇ ಬಿಟ್ಟು, ಕನ್ನಡಿಯ ಮುಂದೆ ನಿಂತು, ಬಲ ಮೀಸೆ, ಆಮೇಲೆ ಎಡ ಮೀಸೆ, ಎರಡನ್ನೂ ತೆಗೆದ. ಪಂಕ್ಚರಿನವನು “ಅಣ್ಣಾ, ಬೇಡಣ್ಣಾ” ಎಂದು ಕೂಗಿದ. ಗುಮಾಸ್ತ, ಇದೂ ತಪ್ಪು ತೀರ್ಪೇ ಎಂದ. ಉಳಿದರ್ಧ ಕ್ಷೌರ ಮುಗಿಸಿ, ಅಂಗಡಿಗೆ ಬಾಗಿಲು ಎಳೆದು, ಅವನು ಅಕ್ಕನ ಮನೆಗೆ ಹೋದ.

ಬಾಗಿಲು ತೆರೆದ ಅಕ್ಕ ಸೆರಗು ಬಾಯಿಗೊತ್ತಿಕೊಂಡಳು. “ಅಯ್ಯಯ್ಯೋ, ಸಿಪ್ಪೆ ಸುಲಿದ ಹಾಗಿದೀಯಲ್ಲೋ!” ಎಂದು ನಗುತ್ತ ಒಳಗೆ ಓಡಿದಳು.

ಭಾವ ಅವನ ಮುಖವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನೋಡಿದರು.

“ಆಫ್ ಕಡೇನೇ ಬಿದ್ದಿತ್ತು ಭಾವ. ಎಲ್ಲರ ಮುಂದೇನೇ ಹೇಳಿ ಬೋಳಿಸಿದೀನಿ.”

“ಹೂಂ. ಅದು ನಿನ್ನೇನೇ ಮುಗೀತು. ಕೂತ್ಕೊ.” ಭಾವ ಕೈಲಿದ್ದ ಪೇಪರ್ ಮಡಿಸಿದರು. “ನೀನು ಇನ್ನೊಂದು ಅಂದೆಯಲ್ಲ. ಫೈನಲ್ಲಿಂದು.”

“ಅದನ್ನ ಹಾಗೆ ಎಲ್ಲರೆದುರು ಅನ್ನಬಾರದಿತ್ತು. ತಪ್ಪಾಯ್ತು.”

“ಎಲ್ಲರೆದುರು ಅಂದಿದ್ದು ಬಿಡು. ನೀನು ಔಟಾ, ಇಲ್ವಾ?”

ಮೀಸೆಯಣ್ಣ ತುಟಿಯ ಮೇಲೆ ಕೈಯಾಡಿಸಿದ. ಬೆರಳಿಗೆ ಏನೂ ಸಿಗಲಿಲ್ಲ. ಒಂದು ‘ಹೌದು’ ಅಂದರೆ ಮುಗಿಯುತ್ತಿತ್ತು. ಅದನ್ನು ನಾಲಿಗೆಯ ತುದಿಯವರೆಗೆ ತಂದ. ಆದರೆ ಆ ಚೆಂಡು, ಆ ಬಿಸಿಲು, ಮುಂದಿಟ್ಟ ಎಡಗಾಲು ಎಲ್ಲ ನಿನ್ನೆಯದರಂತೆ ಕಣ್ಣಿಗೆ ಕಟ್ಟಿತು. ಅದನ್ನು ಯಾರೂ ಚಿತ್ರ ತೆಗೆದಿರಲಿಲ್ಲ, ನೋಡಿ ತಿದ್ದಿಕೊಳ್ಳೋಣವೆಂದರೆ.

“ಕಾಲು ಆಫ್ ಸ್ಟಂಪಿನಿಂದ ಆಚೆ ಇತ್ತು ಭಾವ, ಔಟಲ್ಲ,” ಎಂದ.

“ಸ್ಟಂಪಿನ ಮುಂದೇನೇ ಇತ್ತು.”

“ಆಚೆ ಇತ್ತು.”

“ಕಾಫಿ ಕುಡ್ಕೊಂಡು ಹೋಗು,” ಎಂದರು ಭಾವ, ಮತ್ತು ಪೇಪರ್ ಬಿಡಿಸಿದರು.

ಸರಣಿ ಸಮವಾಗಿ ಮುಗಿಯಿತು. ಭಾವ ಈಗ ಬಸ್ ನಿಲ್ದಾಣದ ಪಕ್ಕದ ಸಲೂನಿನಲ್ಲಿ ಕಟಿಂಗ್ ಮಾಡಿಸುತ್ತಾರೆ.